ಬಿಸಿಲಲ್ಲಿ ನಿಲ್ಲುವ ಕಾರಿನ ಬಣ್ಣ ಉಳಿಸಿಕೊಳ್ಳುವುದು ಹೇಗೆ?

ಬಾಗಿಲುಗಳು ಇನ್ನೂ ಹೊಳೆಯುತ್ತಿರುತ್ತವೆ. ಟಾಪ್, ಬಾನೆಟ್, ಡಿಕ್ಕಿಯ ಮೇಲ್ಭಾಗ ಮಾತ್ರ ಬೂದಿ ಬಳಿದಂತೆ ಮಂಕಾಗಿರುತ್ತವೆ. ವರ್ಷಗಟ್ಟಲೆ ಬಯಲಲ್ಲಿ ನಿಂತ ಕಾರನ್ನು ದೂರದಿಂದಲೇ ಹೀಗೆ ಗುರುತಿಸಬಹುದು. ಆಕಾಶಕ್ಕೆ ಮುಖಮಾಡಿ ಮಲಗಿದ ಭಾಗಗಳ ಮೇಲೆಯೇ ಬಿಸಿಲು ಹೆಚ್ಚು ಹೊತ್ತು, ನೇರವಾಗಿ ಬೀಳುತ್ತದೆ.

ಇಲ್ಲಿ ಮೊದಲು ಹಾಳಾಗುವುದು ಬಣ್ಣವಲ್ಲ, ಅದರ ಮೇಲಿನ ಹೊದಿಕೆ. ಇಂದಿನ ಕಾರುಗಳಲ್ಲಿ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಆಮೇಲೆ ಬಣ್ಣ ಹಿಡಿಯಲು ಬಳಿಯುವ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಇದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಹೊಳಪು ಕೊಡುವುದೂ ಇದೇ, ಬಣ್ಣವನ್ನು ಕಾಯುವುದೂ ಇದೇ. ನೇರಳಾತೀತ ಕಿರಣಗಳನ್ನು ಹೀರಿಕೊಳ್ಳುವ ರಾಸಾಯನಿಕಗಳನ್ನು ಕಾರ್ಖಾನೆಯಲ್ಲೇ ಇದಕ್ಕೆ ಬೆರೆಸಿರುತ್ತಾರೆ. ವರ್ಷಗಳು ಕಳೆದಂತೆ ಅವುಗಳ ಶಕ್ತಿ ಕುಂದುತ್ತದೆ. ಆಗ ಪದರ ಮೊದಲು ಮಂಕಾಗಿ, ನಂತರ ಬಿಳಿಚಿಕೊಂಡು, ಕೊನೆಗೆ ಹಾವಿನ ಪೊರೆಯಂತೆ ಏಳುತ್ತದೆ. ಕಳೆದುಹೋದ ಕ್ಲಿಯರ್ ಕೋಟ್ ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಕೆಳಗೆ ಹೇಳುವ ಪ್ರತಿಯೊಂದು ಕೆಲಸವೂ ಆ ಪದರವನ್ನು ಆದಷ್ಟು ಕಡಿಮೆ ಸವೆಸುವುದಕ್ಕಾಗಿಯೇ.

ಮೊದಲು ನಿಲ್ಲಿಸುವ ಜಾಗ

ಯಾವ ಡಬ್ಬಿಯೊಳಗಿನ ಮೇಣಕ್ಕಿಂತಲೂ ನೆರಳು ದೊಡ್ಡದು. ಇಡೀ ದಿನ ನೆರಳು ಸಿಗದಿದ್ದರೆ ನಡು ಮಧ್ಯಾಹ್ನದ ಕೆಲವು ಗಂಟೆಯಾದರೂ ಸಿಗುವ ಜಾಗ ಹುಡುಕಿ. ಮರದ ನೆರಳಿಗಿಂತ ಕಟ್ಟಡದ ನೆರಳು ವಾಸಿ. ಮರದಡಿ ಅಂಟು, ಹಕ್ಕಿ ಹಿಕ್ಕೆ ಎರಡೂ ಬೀಳುತ್ತವೆ. ಒಂದೇ ಜಾಗದಲ್ಲಿ ನಿಲ್ಲಿಸಲೇಬೇಕಾದರೆ ಒಂದು ದಿನ ಮುಂಭಾಗ ಒಳಗೆ, ಮರುದಿನ ಹೊರಗೆ ಬರುವಂತೆ ನಿಲ್ಲಿಸಿ. ಒಂದೇ ಮಗ್ಗುಲು ಸುಡುವುದು ತಪ್ಪುತ್ತದೆ.

ತೊಳೆಯುವ ಕ್ರಮ

ಬೆಳಿಗ್ಗೆ ಎದ್ದು ಒಣಬಟ್ಟೆಯಿಂದ ಧೂಳು ಒರೆಸುವ ಅಭ್ಯಾಸ ಬಹಳ ಜನರಿಗಿದೆ. ಕಾರಿನ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ಆದರೆ ದಯವಿಟ್ಟು ಇದನ್ನು ಇಂದೇ ನಿಲ್ಲಿಸಿ. ಧೂಳಿನಲ್ಲಿ ಸಣ್ಣ ಮರಳಿನ ಕಣಗಳಿರುತ್ತವೆ. ಬಟ್ಟೆಯೊಂದಿಗೆ ಸೇರಿದರೆ ಅದು ಉಪ್ಪುಕಾಗದವೇ ಸರಿ. ಬಿಸಿಲಿಗೆ ಹಿಡಿದಾಗ ಜೇಡರ ಬಲೆಯಂತೆ ಕಾಣುವ ಸುತ್ತು ಗೀರುಗಳಲ್ಲಿ ಹೆಚ್ಚಿನವು ಹೀಗೆ ಬಂದವು.

ತೊಳೆಯುವಾಗ ಕಾರು ನೆರಳಲ್ಲಿರಲಿ, ತಗಡು ಕೈಗೆ ತಣ್ಣಗೆ ತಾಗಲಿ. ಬಿಸಿ ತಗಡಿನ ಮೇಲೆ ನೀರು ಕ್ಷಣದಲ್ಲಿ ಆರಿ, ಅದರಲ್ಲಿದ್ದ ಲವಣ ಬಿಳಿ ಕಲೆಯಾಗಿ ಕೂರುತ್ತದೆ. ಮೊದಲು ಬರೀ ನೀರು ಹಾಯಿಸಿ ಧೂಳು ಇಳಿಸಿ. ಆಮೇಲೆ ಎರಡು ಬಕೆಟ್ ಇಟ್ಟುಕೊಳ್ಳಿ: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಟಾಪ್‌ನಿಂದ ಶುರುಮಾಡಿ ಕೆಳಗೆ ಬನ್ನಿ, ಕೆಸರು ತುಂಬಿದ ಕೆಳಭಾಗ ಕೊನೆಗಿರಲಿ. ಪಾತ್ರೆ ತೊಳೆಯುವ ಸೋಪು ಬೇಡ, ಅದು ಜಿಡ್ಡಿನ ಜೊತೆಗೆ ನೀವು ಹಚ್ಚಿದ ವ್ಯಾಕ್ಸನ್ನೂ, ಅಂದರೆ ಮೇಣವನ್ನೂ, ಕಿತ್ತುಹಾಕುತ್ತದೆ. ತೊಳೆದ ಮೇಲೆ ತಾನಾಗಿ ಆರಲು ಬಿಡದೆ ಮೈಕ್ರೋಫೈಬರ್ ಬಟ್ಟೆಯಿಂದ ನೀರು ಒತ್ತಿ ತೆಗೆಯಿರಿ.

ಹಿಕ್ಕೆ ಬಿದ್ದರೆ ವಾರದ ತೊಳೆತಕ್ಕೆ ಕಾಯಬೇಡಿ

ಹಕ್ಕಿ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ. ಅದಕ್ಕಿಂತ ಕೆಟ್ಟದ್ದು ಬಿಸಿಲಿನ ಜೊತೆ ಅದು ಸೇರುವುದು. ಬಿಸಿಲಿಗೆ ಕಾದ ಕ್ಲಿಯರ್ ಕೋಟ್ ಮೆತ್ತಗಾಗಿ ಹಿಗ್ಗುತ್ತದೆ, ಹಿಕ್ಕೆ ಒಣಗಿ ಬಿಗಿಯುತ್ತದೆ. ಸಂಜೆ ತಣ್ಣಗಾದಾಗ ಪದರ ಆ ಹಿಕ್ಕೆಯ ಆಕಾರಕ್ಕೇ ಗಟ್ಟಿಯಾಗುತ್ತದೆ. ಮರುದಿನ ಹಿಕ್ಕೆ ತೆಗೆದರೂ ಅಚ್ಚು ಉಳಿಯುತ್ತದೆ. ಕಾರಿನಲ್ಲಿ ಒಂದು ಬಾಟಲಿ ನೀರು, ಒಂದು ಮೆತ್ತನೆ ಬಟ್ಟೆ ಸದಾ ಇರಲಿ. ಒದ್ದೆ ಬಟ್ಟೆಯನ್ನು ಹಿಕ್ಕೆಯ ಮೇಲೆ ಕೆಲವು ನಿಮಿಷ ಹೊದಿಸಿ ನೆನೆಸಿ, ಉಜ್ಜದೆ ಎತ್ತಿ ತೆಗೆಯಿರಿ. ಮರದ ಅಂಟಿಗೂ ಸತ್ತ ಹುಳುಗಳಿಗೂ ಇದೇ ಅವಸರ ಬೇಕು.

ಪಾಲಿಶ್, ಆಮೇಲೆ ವ್ಯಾಕ್ಸ್

ಈ ಎರಡನ್ನೂ ಒಂದೇ ಎಂದುಕೊಳ್ಳುವವರಿದ್ದಾರೆ. ಪಾಲಿಶ್ ಮಂಕಾದ ಮೇಲ್ಪದರವನ್ನು ಸವೆಸಿ ಹೊಳಪು ತರುತ್ತದೆ, ಎಂದರೆ ಆ 35-50 ಮೈಕ್ರಾನ್‌ನಿಂದಲೇ ಸ್ವಲ್ಪ ತೆಗೆಯುತ್ತದೆ. ಮಂಕು ಕಂಡಾಗ ಮಾತ್ರ ಅದನ್ನು ಮಾಡಿಸಿ. ಪ್ರತಿ ಸರ್ವಿಸ್‌ನಲ್ಲೂ ವಾಡಿಕೆಯಂತೆ ಮಾಡಿಸುವುದು ತಪ್ಪು. ಪದರ ಎದ್ದು ಅಂಚು ಉಗುರಿಗೆ ಸಿಗುವಂತಾಗಿದ್ದರೆ ಪಾಲಿಶ್‌ಗೆ ದುಡ್ಡು ಸುರಿಯಬೇಡಿ, ಅಲ್ಲಿ ಮತ್ತೆ ಬಣ್ಣ ಹೊಡೆಸುವುದೊಂದೇ ದಾರಿ. ಬಿಳಿ ಬಟ್ಟೆಯಿಂದ ಒರೆಸಿದಾಗ ಕಾರಿನ ಬಣ್ಣವೇ ಬಟ್ಟೆಗೆ ಬಂದರೆ ನಿಮ್ಮದು ಕ್ಲಿಯರ್ ಕೋಟ್ ಇಲ್ಲದ ಹಳೆಯ ಬಗೆಯ ಪೇಂಟ್. ಇನ್ನೂ ಹಗುರ ಕೈ ಬೇಕು.

ವ್ಯಾಕ್ಸ್ ಮೇಲೊಂದು ಬಲಿಪದರವನ್ನು, ಅಂದರೆ ಕ್ಲಿಯರ್ ಕೋಟ್ ಬದಲು ತಾನೇ ಸವೆಯುವ ಪದರವನ್ನು, ಕೂರಿಸುತ್ತದೆ. ತೊಳೆದು ಒಣಗಿಸಿದ ಕಾರಿಗೆ, ನೆರಳಿನಲ್ಲಿ, ಒಂದೊಂದೇ ಭಾಗಕ್ಕೆ ತೆಳುವಾಗಿ ಹಚ್ಚಿ, ಮಂಜಿನಂತೆ ಆರಿದ ಮೇಲೆ ಬೇರೆ ಬಟ್ಟೆಯಿಂದ ಒರೆಸಿ. ದಪ್ಪ ಹಚ್ಚಿದರೆ ಒರೆಸುವ ಕಷ್ಟ ಹೆಚ್ಚುತ್ತದೆಯೇ ಹೊರತು ರಕ್ಷಣೆಯಲ್ಲ. ಕಾರ್ನೌಬಾ ಎಂಬ ತಾಳೆ ಜಾತಿಯ ಗಿಡದ ಎಲೆಯಿಂದ ತೆಗೆದ ಮೇಣ ಒಂದರಿಂದ ಮೂರು ತಿಂಗಳು ಬಾಳುತ್ತದೆ. ಮೇಣದ ಬದಲು ಹಚ್ಚುವ ಕೃತಕ ಲೇಪವಾದ ಸೀಲಂಟ್ ಅದಕ್ಕಿಂತ ಹೆಚ್ಚು. ಮೇಲೆ ಗಟ್ಟಿಯಾಗಿ ಕೂರುವ ಸೆರಾಮಿಕ್ ಕೋಟಿಂಗ್ ಎಂಬ ಲೇಪ ವರ್ಷಗಟ್ಟಲೆ ಉಳಿಯುತ್ತದೆ, ಆದರೆ ಅದನ್ನು ಹಾಕಿಸಿದ ಕಾರೂ ತೊಳೆತ ಬೇಡುತ್ತದೆ, ಹಿಕ್ಕೆಗೆ ಹೆದರುತ್ತದೆ.

ಕವರ್ ಹಾಕುವುದಾದರೆ

ಗಾಳಿಯಾಡುವ ಬಟ್ಟೆಯ, ಒಳಮೈ ಮೆತ್ತಗಿರುವ, ಕಾರಿನ ಅಳತೆಗೆ ಸರಿಹೊಂದುವ ಕವರ್ ಆರಿಸಿ. ಪ್ಲಾಸ್ಟಿಕ್ ಹಾಳೆಯಾದರೆ ತೇವವನ್ನು ಒಳಗೇ ಹಿಡಿದಿಡುತ್ತದೆ. ಧೂಳು ಹಿಡಿದ ಕಾರಿಗೆ ಕವರ್ ಹಾಕಿ, ಅದು ಗಾಳಿಗೆ ಪಟಪಟ ಹೊಡೆದುಕೊಂಡರೆ ಇಡೀ ದಿನ ಉಜ್ಜಿದಂತೆಯೇ. ದಿನವೂ ಓಡಿಸುವ, ದಿನವೂ ಧೂಳು ಹಿಡಿಯುವ ಕಾರಿಗೆ ಕವರ್‌ಗಿಂತ ವ್ಯಾಕ್ಸ್ ಮೇಲು ಎಂಬುದು ನನ್ನ ಅಭಿಪ್ರಾಯ. ವಾರಗಟ್ಟಲೆ ನಿಲ್ಲುವ ಕಾರನ್ನು ತೊಳೆದು ಆರಿಸಿ ಕವರ್ ಬಿಗಿದು ಕಟ್ಟಿ.

ಬಂಪರ್ ಅಂಚಿನ ಕಪ್ಪು ಪ್ಲಾಸ್ಟಿಕ್‌ಗೆ ವ್ಯಾಕ್ಸ್ ತಾಗದಿರಲಿ, ಬಿಳಿ ಕಲೆ ಉಳಿಯುತ್ತದೆ.

ಮತ್ತೆ ವ್ಯಾಕ್ಸ್ ಯಾವಾಗ ಹಚ್ಚಬೇಕೆಂದು ಕ್ಯಾಲೆಂಡರ್ ನೋಡಬೇಕಿಲ್ಲ. ತೊಳೆದ ಟಾಪ್ ಮೇಲೆ ಒಂದಿಷ್ಟು ನೀರು ಚಿಮುಕಿಸಿ. ಕೆಸುವಿನೆಲೆಯ ಮೇಲಿನಂತೆ ಹನಿ ಗುಂಡಗೆ ನಿಂತರೆ ಇನ್ನೂ ಕಾಲವಿದೆ. ಚಪ್ಪಟೆಯಾಗಿ ಹರಡಿದರೆ ವ್ಯಾಕ್ಸ್ ಪದರ ಸವೆದಿದೆ. ಬಾಗಿಲ ಮೇಲೆ ಹನಿ ಚೆನ್ನಾಗಿ ನಿಂತಿದ್ದರೂ ತೀರ್ಮಾನ ಟಾಪ್ ನೋಡಿಯೇ ಆಗಲಿ.