ಗಾಡಿ ಓಡಿದರೂ ಕ್ಯಾಂಪರ್‌ನ ಒಳಗಿನ ಬ್ಯಾಟರಿ ತುಂಬದಿದ್ದಾಗ
ವಿಜಯಪುರದಿಂದ ಆಲಮಟ್ಟಿವರೆಗೆ ಓಡಿಸಿದರೂ ಕ್ಯಾಂಪರ್ ವ್ಯಾನಿನ (ಒಳಗೇ ಮಲಗಿ ಉಳಿಯಬಹುದಾದ ಗಾಡಿ) ಒಳಗಿನ ಬ್ಯಾಟರಿ, ಅಂದರೆ ಫ್ರಿಜ್ ನಡೆಸುವ ಎರಡನೇ ಬ್ಯಾಟರಿ, ಚಾರ್ಜ್ ಆಗುತ್ತಿರಲಿಲ್ಲ. ರಾತ್ರಿ ಫ್ರಿಜ್ ಬಂದ್. ಎಂಜಿನ್ ಚಾಲೂ ಇಟ್ಟು ಮಲ್ಟಿಮೀಟರ್ ಹಿಡಿದಾಗ ಮುಂಭಾಗದ ಎಂಜಿನ್ ಬ್ಯಾಟರಿಯಲ್ಲಿ 14.2 ವೋಲ್ಟ್, ಒಳಗಿನದರಲ್ಲಿ 12.7. ಫ್ಯೂಸ್, ಎರಡು ಬ್ಯಾಟರಿಗಳನ್ನು ಜೋಡಿಸುವ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಎರಡೂ ಸರಿ ಇದ್ದವು. ಇಲ್ಲಿಯೇ ಬಹಳ ಮಂದಿ ಹೊಸ ಬ್ಯಾಟರಿಗೆ ದುಡ್ಡು ಸುರಿಯುತ್ತಾರೆ, ದಯವಿಟ್ಟು ತಡೀರಿ.

ಎರಡೂ ಬ್ಯಾಟರಿಗಳ ನೆಗೆಟಿವ್ ನಡುವೆ ಅಳೆದರೆ 1.4 ವೋಲ್ಟ್ ಬಂತು, 0.2 ದಾಟಬಾರದು. ಅಂದರೆ ನೆಗೆಟಿವ್ ದಾರಿಯಲ್ಲೇ ವೋಲ್ಟೇಜ್ ಕಳೆದುಹೋಗುತ್ತಿತ್ತು. ಎಂಜಿನ್ ಬಂದ್ ಇದ್ದಾಗ ಈ ದೋಷ ಕಾಣುವುದೇ ಇಲ್ಲ, ಕರೆಂಟ್ ಹರಿಯುತ್ತಿರಬೇಕು. ನೆಗೆಟಿವ್ ತಂತಿಯನ್ನು ಚಾಸಿಗೆ (ಗಾಡಿಯ ಲೋಹದ ಚೌಕಟ್ಟು) ಜೋಡಿಸುವ ಅರ್ಥಿಂಗ್ ಬೋಲ್ಟಿನ ಕೆಳಗೆ ಬಣ್ಣ, ತುಕ್ಕು ಕೂತಿತ್ತು. ಬ್ಯಾಟರಿಗಳ ನೆಗೆಟಿವ್ ಬಿಚ್ಚಿಟ್ಟು, ಆ ಜಾಗವನ್ನು ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ತಾಮ್ರದ ಲಗ್ (ತಂತಿಯ ತುದಿಗೆ ಹಾಕುವ ಬಳೆ), ಸ್ಟಾರ್ ವಾಷರ್ (ಹಲ್ಲುಗಳಿರುವ ವಾಷರ್) ಹಾಕಿ ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿದೆ. ಈಗ ಒಳಗೆ 14.0 ವೋಲ್ಟ್.