ಮೂಸೆಯ ಕಿಟ್ಟದಿಂದ ಚಿನ್ನ ತೆಗೆಯೋದು ಹೇಗೆ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಮ್ಮದು ಚಿಕ್ಕ ಅಕ್ಕಸಾಲಿ ಅಂಗಡಿ. ಕೆಲಸ ಕಲಿಯೋಕೆ ಬರುವ ಹುಡುಗರಿಗೆ ಮೊದಲು ಕಸ ಗುಡಿಸೋದನ್ನ ಕಲಿಸ್ತೀನಿ, ಬೆಸುಗೆ ಆಮೇಲೆ. ಕುಲುಮೆಯ ಬೂದಿ, ಅರದ ಪುಡಿ, ಚಿನ್ನ ಕರಗಿಸುವ ಮೂಸೆಗೆ ಅಂಟಿದ ಗಾಜಿನಂಥ ಕಿಟ್ಟ, ಎಲ್ಲಕ್ಕೂ ಬೇರೆ ಬೇರೆ ಡಬ್ಬಿ ಇಡಿ. ಬೆಳ್ಳಿ ಕೆಲಸದ್ದನ್ನು ಚಿನ್ನದ್ದಕ್ಕೆ ಬೆರೆಸಲೇಬೇಡಿ. ತಾಮ್ರ ಶುದ್ಧಿ ಮಾಡುವ ದೊಡ್ಡ ಕಾರ್ಖಾನೆಗಳೇ ತೊಟ್ಟಿಯ ತಳದ ಕೆಸರನ್ನು ಕಾಪಾಡಿ ಅದರಿಂದ ಚಿನ್ನ, ಬೆಳ್ಳಿ ತೆಗೆಯುತ್ತವೆ. ನಾವು ಯಾಕೆ ಚರಂಡಿಗೆ ಬಿಡಬೇಕು?

ಚಿನ್ನ ನೀರಿಗಿಂತ 19 ಪಟ್ಟು ಭಾರ. ಕಿಟ್ಟ ಹಗುರ, ಮೇಲೆ ತೇಲುತ್ತದೆ. ಆದರೆ ಶಾಖ ಸಾಲದೆ ಕಿಟ್ಟ ಅಂಟಂಟಾಗಿದ್ದರೆ ಸಣ್ಣ ಹನಿಗಳು ಕೆಳಗಿಳಿಯದೆ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಕರಗಿಸುವಾಗ ಹಾಕುವ ಬಿಳಿಗಾರ (ಬೊರಾಕ್ಸ್) 743 ಡಿಗ್ರಿಗೇ ಕರಗುತ್ತದೆ, ಅಪ್ಪಟ ಚಿನ್ನಕ್ಕೆ 1064 ಬೇಕು. ಆದರೂ ಚಿನ್ನ ಕರಗುವ ಹೊತ್ತಿಗೆ ಕಿಟ್ಟ ಇನ್ನೂ ಮಂದವಾಗಿರಬಹುದು. ಅದಕ್ಕೇ ಚಿನ್ನ ಕರಗಿದ ಕೂಡಲೇ ಸುರಿಯಬೇಡಿ. ಕಿಟ್ಟ ನೀರಾಗುವವರೆಗೆ ಬೆಂಕಿ ಇರಲಿ. ನಷ್ಟ ಅರ್ಧ ಅಲ್ಲೇ ತಪ್ಪುತ್ತದೆ.

ಕಿಟ್ಟವನ್ನು ಕಬ್ಬಿಣದ ಕುಟ್ಟಾಣಿಯಲ್ಲಿ ಹಾಕಿ, ನೀರು ಚಿಮುಕಿಸಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ ಕುಟ್ಟಿ. ಚೂರು ಕಣ್ಣಿಗೆ ಹಾರುತ್ತದೆ, ಕನ್ನಡಕ ಬೇಕೇ ಬೇಕು. ಒಣಗಿಸಿ ಜರಡಿ ಹಿಡಿದರೆ ನೋಡೋಕೆ ಚಂದ. ಗಾಜು ಪುಡಿಯಾಗಿ ಇಳಿಯುತ್ತೆ, ಚಿನ್ನದ ಹನಿ ಮಾತ್ರ ಪುಡಿಯಾಗದೆ ಚಪ್ಪಟೆಯಾಗಿ, ಹಳದಿ ಹೊಟ್ಟಿನ ಹಾಗೆ ಮೇಲೆ ನಿಲ್ಲುತ್ತದೆ. ಇಳಿದ ಪುಡಿಯನ್ನು ಅಗಲ ತಟ್ಟೆಯಲ್ಲಿ ನಿಧಾನವಾಗಿ ಜಾಲಿಸಿ. ಜಾಲಿಸಿದ ನೀರನ್ನೂ ಬಕೆಟ್ಟಿನಲ್ಲಿ ತಿಳಿಯಾಗಲು ಬಿಡಿ, ತಳದ್ದನ್ನು ಒಣಗಿಸಿ ಇಟ್ಟುಕೊಳ್ಳಿ.

ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಅಂಗಡಿಗೆ ಕಾಲಿನ ಜೊತೆ ಕೆಸರು ಬರುತ್ತದೆ, ಚಿನ್ನ ಆಚೆ ಹೋಗುತ್ತದೆ. ಬಾಗಿಲಿಗೆ ಗೋಣಿಚೀಲ ಹಾಸಿ, ಒಳಗೊಂದು, ಹೊರಗೊಂದು. ಒಳಗಿನದನ್ನು ಬಿಸಿಲು ಬಂದ ಮೇಲೆ ಕಸದ ಜೊತೆ ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಸುಡಿ. ಊದಬೇಡಿ, ಬೂದಿ ಹಾರಿದರೆ ಚಿನ್ನವೂ ಹಾರುತ್ತೆ. ಪ್ಲಾಸ್ಟಿಕ್ ಮೊದಲೇ ಆರಿಸಿ ತೆಗೆಯಿರಿ. ತಣ್ಣಗಾದ ಮೇಲೆ ಕಾಗದ ಸುತ್ತಿದ ಅಯಸ್ಕಾಂತ ಆಡಿಸಿದರೆ ಅರದ, ಗರಗಸದ ಕಬ್ಬಿಣವೆಲ್ಲ ಬರುತ್ತದೆ. ಅದರ ಜೊತೆ ಚಿನ್ನವೂ ಅಂಟಿರುತ್ತೆ, ಬೇರೆ ಕಾಗದದ ಮೇಲೆ ಉದುರಿಸಿ ಇನ್ನೊಮ್ಮೆ ಆಡಿಸಿ.

ಆ್ಯಸಿಡ್ ಕೆಲಸ, ಸೀಸ ಹಾಕಿ ಕಾಯಿಸೋ ಕೆಲಸ ಮನೆಯಲ್ಲಿ ಮಾಡಲೇಬೇಡಿ. ನೈಟ್ರಿಕ್ ಆ್ಯಸಿಡ್‌ನ ಕಂದು ಹೊಗೆ ಶ್ವಾಸಕೋಶ ಹಾಳು ಮಾಡುತ್ತದೆ. ಕುಡಿದ ಹೊಗೆಯ ಪರಿಣಾಮ ಗಂಟೆಗಳಾದ ಮೇಲೂ ಕಾಣಿಸಿಕೊಳ್ಳಬಹುದು. ಸೀಸದ ಹೊಗೆ ಮಕ್ಕಳಿಗೆ ಇನ್ನೂ ಕೆಟ್ಟದ್ದು. ಹನಿ, ಪುಡಿ, ಬೂದಿ ಎಲ್ಲ ಅನುಮತಿ ಇರುವ ಶುದ್ಧೀಕರಣದವರಿಗೆ ಕೊಡಿ. ಕೊಡುವ ಮುಂಚೆ ನಿಮ್ಮ ತಕ್ಕಡಿಯಲ್ಲೇ ತೂಗಿ ಬರೆದಿಡಿ. ಕರಗಿಸುವಾಗ ಎದುರಿಗೇ ನಿಂತಿರಿ. ಗಟ್ಟಿಯ ಮೇಲಿಂದಲೂ ಕೆಳಗಿಂದಲೂ ಚೂರು ತೆಗೆಸಿ ಪರೀಕ್ಷೆ ಮಾಡಿಸಿ. ಶುದ್ಧತೆ ಅಳೆಯುವ ಎಕ್ಸ್‌ರೇ ಯಂತ್ರ ಮೇಲ್ಮೈಯನ್ನಷ್ಟೇ ನೋಡುತ್ತದೆ, ಜಾಸ್ತಿ ಮಾಲಿದ್ದರೆ ಚೂರನ್ನೇ ಕರಗಿಸಿ ಚಿನ್ನ ಬೇರ್ಪಡಿಸಿ ತೂಗುವ ಬೆಂಕಿ ಪರೀಕ್ಷೆಯೇ ಸರಿ.