ಒಂಬೈನೂರು ವರ್ಷ ಬದುಕುವ ಯಕ್ಷರ ತಲೆ ಎಣಿಕೆ: ನನ್ನ ಅನುಭವ

ಕತೆಗೋ ಗೇಮಿಗೋ ಕಟ್ಟಿದ ಉದ್ದ ಆಯಸ್ಸಿನ ಜನಾಂಗ ಐದು ಸಾವಿರ ವರ್ಷ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ, ಒಂದೋ ಉಕ್ಕುತ್ತದೆ, ಇಲ್ಲ ಬತ್ತಿಹೋಗುತ್ತದೆ. ಹುಬ್ಬಳ್ಳಿ-ಧಾರವಾಡದ ನಮ್ಮ ಗೇಮ್ ಗುಂಪಿನಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಇದನ್ನೇ. "ಯಕ್ಷರು ಕಡಿಮಿ ಅದಾರ ಅಂತ ಒಂದ್ ಸಾಲು ಬರದು ಬಿಡ್ರಿ ಸರ, ಯಾರ್ ಕುಂತು ಎಣಸ್ತಾರ?" ಅಂದವರೂ ಇದ್ದರು. ಈಗ ನನ್ನ ಕತೆಯ ಯಕ್ಷರು ಲೆಕ್ಕದ ಹಾಳೆಯಲ್ಲಿ ಐದು ಸಾವಿರ ವರ್ಷ ದಾಟಿಯೂ 1,700ರ ಆಸುಪಾಸಿನಲ್ಲೇ ಇದ್ದಾರೆ. ನಡುವೆ ಯುದ್ಧ ಹಾಕಿದೆ, ಪಿಡುಗು ಹಾಕಿದೆ. ತಾವಾಗಿಯೇ ಎದ್ದು ಬಂದರು. ಎಣಿಸುವವನು ನಾನು, ಅಲ್ವಾ?

ಎಕ್ಸೆಲ್, ವಯೋಗುಂಪು, ಲೆಸ್ಲಿ ಮ್ಯಾಟ್ರಿಕ್ಸ್ (ಒಂದೊಂದು ವಯೋಗುಂಪಿನ ಹುಟ್ಟು-ಸಾವು ಹಾಕಿ ಮುಂದಿನ ಜನಸಂಖ್ಯೆ ತೆಗೆಯುವ ಕೋಷ್ಟಕ) ನಿಮಗೆ ಗೊತ್ತೇ ಇದೆ, ಅದನ್ನು ಬಿಡುತ್ತೇನೆ. ನನ್ನ ಯಕ್ಷರ ಕಟ್ಟು ಇಷ್ಟು: ಆಯಸ್ಸಿನ ಮಿತಿ 900, ಪ್ರಾಯಕ್ಕೆ ಬರುವುದು ನೂರಕ್ಕೆ, ಮಕ್ಕಳಾಗುವುದು 150ರಿಂದ 400ರ ಒಳಗೆ, ಸರಾಸರಿ ತೆಗೆದರೆ 250ರ ಸುಮಾರು. ಕಪ್ಪತಗುಡ್ಡದಂಥ ಒಂದು ಗುಡ್ಡಸಾಲು ಅವರ ನೆಲೆ. ವಯೋಗುಂಪು 25 ವರ್ಷಕ್ಕೊಂದು. ಮನುಷ್ಯರಿಗೆ ಐದು ವರ್ಷ ಸರಿ, ಯಕ್ಷರಿಗೆ ಅಷ್ಟು ಸಣ್ಣಗೆ ಹೆಚ್ಚಿದರೆ ಹಾಳೆ ಸುಮ್ನೆ ಉದ್ದವಾಗುತ್ತದೆ.

ಮೊದಲು ಎಲ್ಲರಂತೆ ನಾನೂ ಜೋಡಿಗೆ ಇಷ್ಟು ಮಕ್ಕಳು ಅಂತ ಹಿಡಿದೆ. ನಾಲ್ಕು ಮಕ್ಕಳು, ಆಕಸ್ಮಿಕ ಸಾವು ಇಲ್ಲ. ಅಂದರೆ 250 ವರ್ಷಕ್ಕೊಮ್ಮೆ ಸಂಖ್ಯೆ ದುಪ್ಪಟ್ಟು. ನಿಧಾನ ಅನ್ನಿಸುತ್ತದೆ. ಆದರೆ ಐದು ಸಾವಿರ ವರ್ಷದಲ್ಲಿ ಇಪ್ಪತ್ತು ಸಲ ದುಪ್ಪಟ್ಟಾದರೆ ಹತ್ತು ಲಕ್ಷ ಪಟ್ಟು. ಶುರುವಿನ 2,000 ಯಕ್ಷರು 200 ಕೋಟಿ ಆಗಿಬಿಟ್ಟರು! ನಿಧಾನವಾಗಿ ಹೆರುವವರು ಕಡಿಮೆ ಇರುತ್ತಾರೆ ಅನ್ನುವ ಮಾತು ಇಲ್ಲೇ ಬಿದ್ದುಹೋಯಿತು. ಹಳೆಯ ಕುಲ ಅಂದ ಮೇಲೆ ಕಾಲ ಬೇಕಾದಷ್ಟು ಇರುತ್ತದೆ.

ಆಮೇಲೆ ಆಕಸ್ಮಿಕ ಸಾವು ಸೇರಿಸಿದೆ. ಹಾವು, ಜ್ವರ, ಬಂಡೆಯಿಂದ ಜಾರುವುದು, ಬಾಣಂತಿ ಸಾವು, ಎಲ್ಲ ಸೇರಿ ವರ್ಷಕ್ಕೆ ನೂರರಲ್ಲಿ ಒಬ್ಬ ಅಂತ ಇಟ್ಟೆ. ಹಳೆಯ ಕಾಲದ ಹಳ್ಳಿಗೆ ಇದೇನೂ ಜಾಸ್ತಿ ಅಲ್ಲ. ಫಲಿತಾಂಶ ನೋಡಿ ನಗು ಬಂತು. ಸರಾಸರಿ ಆಯಸ್ಸು ನೂರು ವರ್ಷ. 900 ಮುಟ್ಟಿದವರು ಎಂಟು ಸಾವಿರದಲ್ಲಿ ಒಬ್ಬರು. ಮುಪ್ಪು ಬಾರದಿದ್ದರೇನು, ಮುಪ್ಪಿಗೆ ಮುಂಚೆ ಬೇರೆ ಯಾವುದೋ ಒಂದು ಬಂದೇ ಬರುತ್ತದೆ. ಹಾಗಾಗಿ 500ರಲ್ಲಿ ಒಬ್ಬರಿಗೆ ಇಳಿಸಿದೆ. ಆಗ ಸರಾಸರಿ ಆಯಸ್ಸು 417, ಆರರಲ್ಲಿ ಒಬ್ಬ 900 ಕಾಣುತ್ತಾನೆ. ಕತೆಗೆ ಅದು ಸಾಕು. ಎಷ್ಟು ಬದುಕುತ್ತಾರೆ ಅಂತ ಬರೆಯುವ ಮುಂಚೆ ವರ್ಷಕ್ಕೆ ಎಷ್ಟು ಜನ ಸುಮ್ಮನೆ ಸಾಯುತ್ತಾರೆ ಅಂತ ಗೊತ್ತುಮಾಡಿಕೊಳ್ಳಿ, ಉಳಿದದ್ದು ತಾನೇ ಬರುತ್ತದೆ.

ಆದರೂ ಹಾಳೆ ನಿಲ್ಲಲಿಲ್ಲ. ಈ ಸಾವಿಗೆ ಸರಿಹೊಂದಲು ಜೋಡಿಗೆ 3.3 ಮಕ್ಕಳು ಬೇಕು. ಮೂರು ಹಾಕಿದರೆ ಕೊನೆಗೆ 300 ಜನ. ನಾಲ್ಕು ಹಾಕಿದರೆ 90 ಸಾವಿರ. ಎರಡು ಹಾಕಿದರೆ ದೀಪ ಹಚ್ಚುವವರೂ ಇಲ್ಲ. ಯಾವ ಕುಲ ಐದು ಸಾವಿರ ವರ್ಷ ದಶಾಂಶ ಹಿಡಿದುಕೊಂಡು ಹೆರುತ್ತದೆ?

ಆಗ ಅನ್ನದ ಮಿತಿ ಹಾಕಿ ನೋಡಿದೆ. ದೊಡ್ಡವರ ಸಂಖ್ಯೆ ಇಷ್ಟು ದಾಟಿದರೆ ಹೆರಿಗೆ ನಿಲ್ಲಬೇಕು ಅನ್ನುವ ಬ್ರೇಕು. ಇದನ್ನು ಎಕ್ಸೆಲ್‌ನಲ್ಲಿ ಎಳೆಯಲು ಆಗದೆ ವಿದ್ಯಾನಗರದ ಒಬ್ಬ ಇಂಜಿನಿಯರಿಂಗ್ ಹುಡುಗನಿಂದ ಪೈಥಾನ್‌ನಲ್ಲಿ ಬರೆಸಿದೆ. ಆರು ಸಾವಿರ ಚಿಲ್ಲರೆ ಹೋಯಿತು. ಲ್ಯಾಪ್‌ಟಾಪಿಗೆ ರ‍್ಯಾಮ್ ಹಾಕಿಸಲು ಇನ್ನೊಂದು ಮೂರೋ ಮೂರೂವರೆಯೋ ಸಾವಿರ. ಹುಡುಗ ಕೋಡ್ ಚೆನ್ನಾಗಿಯೇ ಬರೆದ, ತಾಪತ್ರಯ ಇದ್ದದ್ದು ಬ್ರೇಕಿನಲ್ಲಿ. ಮಗು ದೊಡ್ಡವನಾಗಲು ನೂರು ವರ್ಷ ಬೇಕಲ್ಲ. ಬ್ರೇಕು ಬೀಳುವ ಹೊತ್ತಿಗೆ ಒಂದು ಶತಮಾನದ ಮಕ್ಕಳು ಹಿಂದೆ ಸಾಲಾಗಿ ಬರುತ್ತಿರುತ್ತಾರೆ. ಸಂಖ್ಯೆ ಮಿತಿ ಮೀರುತ್ತದೆ, ಹೆರಿಗೆ ಪೂರ್ತಿ ನಿಲ್ಲುತ್ತದೆ, ಆಮೇಲೆ ಒಮ್ಮೆಲೇ ಶುರುವಾಗುತ್ತದೆ. ಗ್ರಾಫ್ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ತೊಟ್ಟಿಲು ಕಟ್ಟದ ಶತಮಾನಗಳು ನನ್ನ ಕತೆಯಲ್ಲಿ ಎಲ್ಲೂ ಇಲ್ಲ. ದುಡ್ಡು ಹೋದದ್ದು ಹೋಯಿತು.

ದಾರಿ ಸಿಕ್ಕಿದ್ದು ಲಕ್ಕುಂಡಿಯಲ್ಲಿ. ನೂರೊಂದು ಗುಡಿ, ನೂರೊಂದು ಬಾವಿ ಅನ್ನುವ ಮಾತು ಗದಗ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಕೂತಾಗ ಹೊಳೆಯಿತು. ಜೋಡಿಗೆ ಇಷ್ಟು ಮಕ್ಕಳು ಅಂತ ಯಾಕೆ ಇಡಬೇಕು? ಬಾವಿಗೆ ಇಷ್ಟು ಅಂತ ಇಟ್ಟರೆ? ಸ್ವಂತ ಬಾವಿ ಇಲ್ಲದ ಯಕ್ಷ ಜೋಡಿಗೆ ಮಗು ಇಲ್ಲ. ಬಾವಿ 101. ಒಂದು ಬಾವಿಗೆ 25 ವರ್ಷಕ್ಕೊಂದು ಮಗು. 400 ತುಂಬಿದ ಮೇಲೆ ಬಾವಿ ಬಿಟ್ಟು ಕೊಡಬೇಕು.

ಲೆಕ್ಕ ಬಾಯಲ್ಲೇ ಆಗುತ್ತದೆ. ವರ್ಷಕ್ಕೆ ನಾಲ್ಕು ಮಕ್ಕಳು. ಸರಾಸರಿ ಆಯಸ್ಸು 417. ಗುಣಿಸಿದರೆ 1,680 ಚಿಲ್ಲರೆ. 500 ಜನರಿಂದ ಶುರುಮಾಡಿ, 5,000ದಿಂದ ಶುರುಮಾಡಿ, ಕೊನೆಗೆ ಅಲ್ಲಿಗೇ ಬಂದು ಕೂರುತ್ತದೆ. ಆರು ಸಾವಿರ ಕೊಟ್ಟು ಬರೆಸಿದ ಕೋಡ್ ಮಾಡದ ಕೆಲಸವನ್ನು ಒಂದು ಗುಣಾಕಾರ ಮಾಡಿತು.

ಇದರ ಗುಟ್ಟು ಸರದಿಯಲ್ಲಿದೆ. 150ರಿಂದ 400ರ ನಡುವಿನ ಯಕ್ಷರು ಹೆಚ್ಚುಕಡಿಮೆ 590 ಜನ, ಅಂದರೆ 290ಕ್ಕೂ ಜಾಸ್ತಿ ಜೋಡಿ. ಬಾವಿ ಇರುವುದು 101. ಮೂರರಲ್ಲಿ ಎರಡು ಜೋಡಿ ಯಾವಾಗಲೂ ಕಾಯುತ್ತಿರುತ್ತವೆ. ಯುದ್ಧದಲ್ಲಿ ಕುಲದ ಮೂರನೇ ಒಂದು ಪಾಲು ಹೋದರೂ ಬಾವಿ ಒಂದೂ ಖಾಲಿ ಬೀಳುವುದಿಲ್ಲ. ವರ್ಷಕ್ಕೆ ನಾಲ್ಕು ಮಕ್ಕಳು ಹುಟ್ಟುತ್ತಲೇ ಇರುತ್ತಾರೆ. ಮುನ್ನೂರು ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ನಷ್ಟ ತುಂಬುತ್ತದೆ. ಕಾಯುವ ಜೋಡಿಗಳ ಜಗಳ, ಅಸೂಯೆ, ಬಾವಿ ಕಳ್ಳತನ ಇವೆಲ್ಲ ಕತೆಗೆ ಪುಕ್ಕಟೆ.

ಮನುಷ್ಯರ ಚೇತರಿಕೆ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. 1911ರಿಂದ 1921ರ ನಡುವೆ ಭಾರತದ ಜನಸಂಖ್ಯೆ 25.2 ಕೋಟಿಯಿಂದ 25.1 ಕೋಟಿಗೆ ಇಳಿಯಿತು. 1918ರ ಇನ್‌ಫ್ಲುಯೆಂಜಾ ಅದಕ್ಕೆ ದೊಡ್ಡ ಕಾರಣ. 1931ಕ್ಕೆ 27.9 ಕೋಟಿ. ಹತ್ತೇ ವರ್ಷ. ಯಕ್ಷರ ನೆರೆಯಲ್ಲಿ ಮನುಷ್ಯರನ್ನು ಇಟ್ಟರೆ ಇದೇ ಯಕ್ಷರಿಗೆ ಮುಳುವು. ಯುದ್ಧ ಗೆದ್ದರೂ ಮುಂದಿನ ಪೀಳಿಗೆಗೆ ಎದುರಾಳಿ ಮತ್ತೆ ತುಂಬಿ ನಿಂತಿರುತ್ತಾನೆ.

ಇನ್ನು ಇಳಿಕೆ. ನನಗೆ ಎಲ್ಲಕ್ಕಿಂತ ರುಚಿಸಿದ ಭಾಗ ಇದು. ಒಂದು ದಿನದಿಂದ ಹೆರಿಗೆ ಪೂರ್ತಿ ನಿಲ್ಲಿಸಿದೆ, ಒಂದು ಮಗುವೂ ಇಲ್ಲ. ನೂರು ವರ್ಷ ಕಳೆದರೂ ನೂರರಲ್ಲಿ 78 ಜನ ಇದ್ದರು. ಮುನ್ನೂರು ವರ್ಷಕ್ಕೆ 46. ಮನುಷ್ಯರಾದರೆ ನೂರು ವರ್ಷದಲ್ಲಿ ಊರೇ ಖಾಲಿ. ಅರ್ಧ ಬಾವಿ ಬತ್ತಿಸಿದರೆ ಇನ್ನೂ ಮಜಾ. ಮೊದಲ ಶತಮಾನದಲ್ಲಿ ಇಳಿಯುವುದು ನೂರಕ್ಕೆ 11 ಮಾತ್ರ. ಯಾವ ಮಂತ್ರಿಯೂ ಗಮನಿಸುವುದಿಲ್ಲ. ಇದಕ್ಕೆ ಪುರಾಣ ಬೇಡ, ನಮ್ಮ ರಾಜ್ಯವನ್ನೇ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಮಟ್ಟ ಕಾಯ್ದುಕೊಳ್ಳಲು 2.1 ಬೇಕು. ಆದರೂ ನಮಗೆ ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ!

ಸಾವಿನ ಪ್ರಮಾಣ ಏರಿಸಿ ನೋಡಿದ್ದು ಇನ್ನೊಂದು. 500ರಲ್ಲಿ ಒಬ್ಬ ಇದ್ದದ್ದನ್ನು 200ರಲ್ಲಿ ಒಬ್ಬ ಮಾಡಿದೆ. ಸಂಖ್ಯೆ 800ಕ್ಕೆ ಇಳಿದು ಅಲ್ಲಿ ನಿಂತಿತು. 150ರಲ್ಲಿ ಒಬ್ಬ ಮಾಡಿದೆ. ಸರದಿ ಕರಗಿತು, ಬಾವಿಗಳು ಒಂದೊಂದಾಗಿ ಖಾಲಿ ಬಿದ್ದವು, ಕುಲ ಅಳಿಯಿತು. ಎರಡರ ನಡುವೆ ಎಲ್ಲೋ ಒಂದು ಅಂಚು ಇದೆ. ನನ್ನ ಹಾಳೆಯಲ್ಲಿ ಅದು 160ರ ಹತ್ತಿರ ಬಂದ ನೆನಪು. ರಣಹದ್ದುಗಳಿಗೆ ಆದದ್ದು ಇದೇ ಬಗೆಯದು. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಸತ್ತ ದನದ ಮಾಂಸದ ಮೂಲಕ ಪ್ರಾಯದ ಹಕ್ಕಿಗಳನ್ನೂ ಕೊಂದಿತು. 1990ರ ದಶಕದಿಂದ ಕೆಲವೇ ವರ್ಷಗಳಲ್ಲಿ ಕೆಲವು ಜಾತಿಗಳು ನೂರಕ್ಕೆ 95ಕ್ಕಿಂತ ಜಾಸ್ತಿ ಹೋದವು. 2006ರಲ್ಲಿ ಪಶುಗಳಿಗೆ ಆ ಔಷಧ ನಿಷೇಧವಾದರೂ ಹದ್ದು ಇನ್ನೂ ಚೇತರಿಸಿಕೊಂಡಿಲ್ಲ. ನಿಧಾನ ಹೆರುವ ಜಾತಿಗೆ ಮರಿ ಸತ್ತರೆ ತಡೆದುಕೊಳ್ಳಬಹುದು. ಪ್ರಾಯದವರು ಸತ್ತರೆ ಕಷ್ಟ.

ಹಾವೇರಿ ಕಡೆಯವರು ದೂರ ಹೋಗಬೇಕಾಗಿಲ್ಲ. ರಾಣೆಬೆನ್ನೂರಿನ ಅಭಯಾರಣ್ಯ 1974ರದ್ದು. ಕೃಷ್ಣಮೃಗ ಅಲ್ಲಿ ಹೆಚ್ಚಿತು. ಅದೇ ಬಯಲಿನಲ್ಲಿದ್ದ, ಒಂದೇ ಮೊಟ್ಟೆ ಇಡುವ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಉಳಿಯಲಿಲ್ಲ. ಇದನ್ನು ನೋಡಿಯೇ ನನ್ನ ಪ್ರಪಂಚದಲ್ಲಿ ಎರಡು ಜನಾಂಗಕ್ಕೆ ಒಂದೇ ಹುಲ್ಲುಗಾವಲು ಕೊಟ್ಟೆ. ಆ ಅಧ್ಯಾಯ ಬೇರೆ.

ಸವಣೂರಿನ ದೊಡ್ಡಹುಣಸೆ (ಬಾವೋಬಾಬ್) ಮರಗಳ ಮೇಲೂ ಒಂದು ಹಾಳೆ ಮಾಡಿದೆ. ಅಲ್ಲಿ ಇದ್ದದ್ದು ಮೂರೇ ದೈತ್ಯ ಮರಗಳು. ಸುಮ್ನೆ ಕುತೂಹಲಕ್ಕೆ ಮಾಡಿದ್ದು, ಏನೂ ಹೊರಡಲಿಲ್ಲ. ಮೂರು ಅನ್ನುವ ಸಂಖ್ಯೆಗೆ ಮ್ಯಾಟ್ರಿಕ್ಸ್ ಕಟ್ಟಿದರೆ ಹೊರಡುವುದಾದರೂ ಏನು?

ಒಂದು ಎಚ್ಚರಿಕೆ. 400ಕ್ಕೆ ಬಾವಿ ಬಿಡುವ ನಿಯಮ ತೆಗೆಯಬೇಡಿ. ನಾನು ತೆಗೆದು ನೋಡಿದೆ. ಹಿರಿಯರು ಸಾಯುವವರೆಗೂ ಬಾವಿ ಬಿಡಲಿಲ್ಲ. ಹೆರುವ ವಯಸ್ಸಿನವರ ಕೈಯಲ್ಲಿ ಉಳಿದದ್ದು ಅರ್ಧ ಬಾವಿ. ಜನಸಂಖ್ಯೆಯೂ ಅರ್ಧ. ಹಳೇ ಹುಬ್ಬಳ್ಳಿಯಲ್ಲಿ ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಬೀಗ ಬಿದ್ದ ಮನೆಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ ಕತೆಯ ಮೂರನೇ ಭಾಗ ಹುಟ್ಟಿದ್ದು ಈ ಪ್ರಯೋಗದಿಂದಲೇ, ಅಲ್ಲಿ ಕಿರಿಯ ಯಕ್ಷರು ದಂಗೆ ಏಳುತ್ತಾರೆ.

ದುಡ್ಡಿನ ಲೆಕ್ಕ: ಎಲ್ಲ ಸೇರಿ ಹದಿನೈದು ಸಾವಿರದ ಹತ್ತಿರ ಹೋಗಿರಬೇಕು. ಬೆಂಗಳೂರಿನ ಒಬ್ಬ ಗೇಮ್ ಮಾಡುವವರು ಹಾಳೆ ನೋಡಿ ಇಪ್ಪತ್ತೈದು ಸಾವಿರ ಕೊಟ್ಟು ತಗೊಂಡರು. ಒಂದು ಸಾಲು ಬರೆದು ಬಿಡ್ರಿ ಅಂದ ಗೆಳೆಯ ಈಗ ತನ್ನ ನಾಗರ ಕುಲಕ್ಕೂ ಲೆಕ್ಕ ಹಾಕಿಕೊಡು ಅಂತ ಬೆನ್ನು ಬಿದ್ದಿದ್ದಾನೆ. ನಾಗರು ಮೊಟ್ಟೆ ಇಡುವವರು, ಅವರಿಗೆ ಬಾವಿ ನಡೆಯುವುದಿಲ್ಲ, ಹುತ್ತ ಎಣಿಸಬೇಕು.

25 ವರ್ಷದ ಯಕ್ಷರ ಹಾಳೆಗೆ ಐದು ವರ್ಷದ ಮನುಷ್ಯರ ಹಾಳೆ ಜೋಡಿಸುವುದು ಹೇಗೆ ಅಂತ ಕೆಲವರು ಕೇಳಿದ್ದಾರೆ. ಅದನ್ನು ಇಲ್ಲಿ ಹೇಳುವುದಿಲ್ಲ, ಒದ್ದಾಡಿ ಕಲಿತದ್ದು. ಮಿಶ್ರ ಸಂತಾನ ಯಾವ ಸಾಲಿಗೆ ಸೇರುತ್ತದೆ ಅನ್ನುವುದೂ ನನ್ನ ಹತ್ತಿರವೇ ಇರಲಿ. ಬಾವಿಯ ಹಾಳೆ ಬೇಕಾದವರಿಗೆ ಕೊಡುತ್ತೇನೆ, ಆ ಎರಡು ಕಾಲಂ ಮಾತ್ರ ಲಾಕ್ ಆಗಿರುತ್ತವೆ.